ಪದಗಳ ಲೆಕ್ಕ ಇಳಿದ ತಿಂಗಳು

ಗುರುತು ಸಿಗದಿರಲೆಂದು ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆರು ವರ್ಷದ ಆ ಬಾಲಕನಿಗೆ ಮಾತು ಬಂದಿರಲಿಲ್ಲ. ಚಿತ್ರ ಒತ್ತಿದರೆ ಪದವನ್ನು ನುಡಿಯುವ ಟ್ಯಾಬ್ಲೆಟ್ಟನ್ನು ಎಂಟು ತಿಂಗಳಿಂದ ಬಳಸುತ್ತಿದ್ದ. ಸಾಧನ ತಾನಾಗಿ ಇಡುವ ದಾಖಲೆಯನ್ನು, ಅಂದರೆ ಲಾಗ್ ಅನ್ನು, ನೋಡಿ ದಿನದಿನದ ಪದಗಳ ಲೆಕ್ಕವನ್ನು ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಅವನ ತಾಯಿ ನನ್ನ ಮುಂದೆ ತೆರೆದರು. 60ರ ಆಸುಪಾಸಿನಲ್ಲಿದ್ದ ಸಂಖ್ಯೆ ಕಳೆದ ತಿಂಗಳು 20ಕ್ಕೆ ಇಳಿದಿತ್ತು. “ಕಲಿತದ್ದನ್ನೆಲ್ಲ ಮರೆಯುತ್ತಿದ್ದಾನೆ, ತಪ್ಪು ನನ್ನದೇ” ಎಂದವರು ಆ ಪುಟದ ಮೇಲಿಂದ ಬೆರಳು ತೆಗೆಯಲಿಲ್ಲ.

ಯಾವ ಗುಂಡಿಯನ್ನು ಎಷ್ಟು ಹೊತ್ತಿಗೆ ಒತ್ತಲಾಯಿತು ಎಂಬುದನ್ನು ಲಾಗ್ ತಿಳಿಸುತ್ತದೆ. ಒತ್ತಿದ ಬೆರಳು ಯಾರದೆಂದು ಅದಕ್ಕೆ ಗೊತ್ತಾಗುವುದಿಲ್ಲ. ವಿಚಾರಿಸಿದಾಗ, ಮೊದಲಿನ ತಿಂಗಳುಗಳಲ್ಲಿ ತಾಯಿ ತಾವೇ ಒತ್ತಿ ತೋರಿಸಿದ ಪದಗಳೂ ಮಗನ ಕೈಹಿಡಿದು ಒತ್ತಿಸಿದ ಪದಗಳೂ ಅದೇ ಲೆಕ್ಕದಲ್ಲಿ ಸೇರಿದ್ದವೆಂದು ತಿಳಿಯಿತು. ವಾಕ್ ಚಿಕಿತ್ಸಕಿಯ ಸೂಚನೆಯಂತೆ ಕೈಹಿಡಿಯುವುದನ್ನು ನಿಲ್ಲಿಸಿದ್ದು ಕಳೆದ ತಿಂಗಳು.

ನಾವು ಮಾತನಾಡುತ್ತಿದ್ದಾಗಲೇ ನಾನು ಅವನತ್ತ ಮರದ ತುಂಡುಗಳ ಡಬ್ಬಿಯನ್ನು ಸರಿಸಿದೆ. ಅವನು ಅದನ್ನು ದೂಡಲಿಲ್ಲ. ಟ್ಯಾಬ್ಲೆಟ್ಟನ್ನು ಎಳೆದುಕೊಂಡು, ಒಂದು ಪುಟ ತಪ್ಪಾಗಿ ತೆರೆದು, ಹಿಂದಕ್ಕೆ ಬಂದು, “ಬೇಡ” ಒತ್ತಿ ನನ್ನ ಮುಖ ನೋಡಿದ. ನೋಟ್‌ಬುಕ್ಕಿನಲ್ಲಿ ಇದು ಬರಿಯ ಒಂದು ಪದ. ನನ್ನ ದೃಷ್ಟಿಯಲ್ಲಿ ಆ ದಿನದ ಅತಿ ಮುಖ್ಯ ದಾಖಲೆ ಅದೇ; ತಾಯಿಗೂ ಹಾಗೆಯೇ ಹೇಳಿದೆ.

ದಿನವಿಡೀ ಎಣಿಸುವುದನ್ನು ಬಿಟ್ಟು, ವಾರಕ್ಕೆ ಎರಡು ಬಾರಿ, ಒಂದೇ ಬಗೆಯ ಆಟದ ಹೊತ್ತಿನಲ್ಲಿ 15 ನಿಮಿಷ ಮಾತ್ರ ಗಮನಿಸಿ ಬರೆಯಲು ಸಲಹೆ ನೀಡಿದೆ: ಅವನು ಏನು ಹೇಳಿದ, ಯಾರಿಗೆ, ಯಾತಕ್ಕಾಗಿ, ಎಷ್ಟು ನೆರವಿನಿಂದ. ತಾನಾಗಿ ಹೇಳಿದ್ದು, ಕಾದ ಮೇಲೆ ಹೇಳಿದ್ದು, ಬೆರಳು ತೋರಿಸಿದ ಮೇಲೆ ಹೇಳಿದ್ದು ಬೇರೆ ಬೇರೆಯಾಗಿ ದಾಖಲಾಗಬೇಕು. ಕಣ್ಣೋಟ, ಕೈಸನ್ನೆಗಳಿಗೂ ಅಲ್ಲಿ ಜಾಗವಿರಬೇಕು. 1989ರಲ್ಲಿ ಸಂವಹನ ಕ್ಷೇತ್ರದ ಸಂಶೋಧಕಿ ಜಾನಿಸ್ ಲೈಟ್ ಅವರು ಇಂಥ ಸಾಧನ ಬಳಸುವವರ ಸಂವಹನ ಸಾಮರ್ಥ್ಯವನ್ನು ಭಾಷೆ, ಸಾಧನದ ನಿರ್ವಹಣೆ, ಸಾಮಾಜಿಕ ಬಳಕೆ, ತೊಡಕು ಬಂದಾಗಿನ ಉಪಾಯ ಎಂದು ನಾಲ್ಕಾಗಿ ವಿವರಿಸಿದರು. ಪದಗಳ ಲೆಕ್ಕ ಇವುಗಳಲ್ಲಿ ಮೊದಲನೆಯದರ ಒಂದು ಅಂಚನ್ನಷ್ಟೇ ಮುಟ್ಟುತ್ತದೆ. ತಾವು ಒತ್ತಿ ತೋರಿಸುವುದನ್ನು ತಾಯಿ ಖಂಡಿತ ಮುಂದುವರಿಸಬೇಕು, ಏಕೆಂದರೆ ಮಾತು ಕೇಳಿಸಿಕೊಳ್ಳದೆ ಯಾವ ಮಗುವೂ ಮಾತು ಕಲಿಯುವುದಿಲ್ಲ. ಆದರೆ ಅದು ಮಗನ ಲೆಕ್ಕಕ್ಕೆ ಸೇರಬಾರದು. “ಇದೇನು, ಒತ್ತು ನೋಡೋಣ” ಎಂಬ ಪರೀಕ್ಷೆ ಬೇಡವೆಂದೂ, ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಕಾಯಬೇಕೆಂದೂ ಒತ್ತಿ ಹೇಳಿದೆ.

ಆರು ವಾರಗಳ ಬಳಿಕ ಅವರು ತಂದ ಹಾಳೆಗಳಲ್ಲಿ “ತಾನಾಗಿ” ಎಂಬ ಗುರುತು ಹೆಚ್ಚಿತ್ತು. ಆದರೂ ಅವನು ಹೇಳಿದ್ದರಲ್ಲಿ ಬಹುಪಾಲು ಬೇಡಿಕೆ ಅಥವಾ ನಿರಾಕರಣೆಯೇ. “ನೋಡು” ಎಂದು ಕರೆದು ತೋರಿಸಿದ್ದು ಒಂದೇ ಸಲ, ಅದೂ ಕಿಟಕಿಯಾಚೆಯ ಮಳೆಯನ್ನು. ಆ ಸಾಲಿನ ಕೆಳಗೆ ತಾಯಿ ಗೆರೆ ಎಳೆದಿದ್ದರು. ಮುಂದಿನ ಆರು ವಾರಗಳಿಗೆ ಅದನ್ನೇ ಗುರಿಯಾಗಿ ಇಟ್ಟುಕೊಂಡೆವು.