ಕರ್ಪೂರ ಏಕೆ ಮಾಯ, ಬೆಲ್ಲ ಏಕೆ ಒದ್ದೆ?

ಪ್ರಶ್ನೆ: ಮೇಷ್ಟ್ರೇ, ದೇವರ ಮನೆಯ ಕರ್ಪೂರ ಹಚ್ಚದಿದ್ದರೂ ಸವೆದು ಹೋಗುತ್ತದೆ. ಅಡುಗೆ ಮನೆಯ ಬೆಲ್ಲ ಮಳೆಗಾಲ ಬಂದರೆ ನೀರು ಬಿಟ್ಟುಕೊಳ್ಳುತ್ತದೆ. ಪಿಯುಸಿ ಓದುವ ಮಗನನ್ನು ಕೇಳಿದರೆ, ‘ಎರಡರಲ್ಲೂ ಇರೋದು ಕೋವೇಲೆಂಟ್ ಬಂಧ, ತುಂಬಾ ಗಟ್ಟಿ’ ಅಂತಾನೆ. ಅಷ್ಟು ಗಟ್ಟಿ ಇದ್ದರೆ ಕರ್ಪೂರ ಹೋಗೋದೆಲ್ಲಿಗೆ?
– ಓದುಗರೊಬ್ಬರು, ಮದ್ದೂರು

ಉತ್ತರ: ಮಗ ಹೇಳಿದ್ದು ತಪ್ಪಲ್ಲ ತಾಯಿ, ಅರ್ಧ ಹೇಳಿದ್ದಾನೆ ಅಷ್ಟೇ. ಮೈಸೂರಿನಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು ನಾನು. ಹುಡುಗರು ಎಡವುತ್ತಿದ್ದ ಜಾಗ ಇದೇ.

ಕೋವೇಲೆಂಟ್ ಬಂಧ ಇರುವುದು ಅಣುವಿನ ಒಳಗೆ. ಕರ್ಪೂರದ ಒಂದು ಅಣುವಿನಲ್ಲಿ 10 ಕಾರ್ಬನ್, 16 ಹೈಡ್ರೋಜನ್, 1 ಆಕ್ಸಿಜನ್ ಪರಮಾಣುಗಳನ್ನು ಅದು ಬಿಗಿದು ಕಟ್ಟಿದೆ. ಕರ್ಪೂರ ಸವೆಯುವಾಗ ಆ ಕಟ್ಟು ಬಿಚ್ಚುವುದೇ ಇಲ್ಲ. ಅಣು ಇಡಿಯಾಗಿ ಪಕ್ಕದವುಗಳನ್ನು ಬಿಟ್ಟು ಗಾಳಿಗೆ ಏಳುತ್ತದೆ. ಡಬ್ಬ ತೆಗೆದ ಕೂಡಲೇ ಮೂಗಿಗೆ ಬಡಿಯುತ್ತದಲ್ಲ, ಅದು ಹೀಗೆ ಎದ್ದು ಬಂದ ಕರ್ಪೂರವೇ.

ಅಣು ಅಣುಗಳ ನಡುವಿನ ಸೆಳೆತ ಬೇರೆಯದು. ಕರ್ಪೂರದಲ್ಲಿರುವುದು ವಾನ್ ಡರ್ ವಾಲ್ಸ್ ಸೆಳೆತ ಎಂಬ ದುರ್ಬಲ ಹಿಡಿತ. ಈ ಹೆಸರಿನವರು ಹಾಲೆಂಡಿನ ಸ್ಕೂಲ್ ಮೇಷ್ಟ್ರು. 1873ರಲ್ಲಿ ಡಾಕ್ಟರೇಟ್ ಪಡೆದರು, 1910ರಲ್ಲಿ ನೊಬೆಲ್ಲೂ ಬಂತು. ನಮ್ಮ ಕಸುಬಿನವರು ಅಂತ ನನಗೆ ಸುಮ್ನೆ ಒಂದು ಜಂಬ! ಕರ್ಪೂರದ ಅಣು ಹೆಚ್ಚು ಕಡಿಮೆ ಉಂಡೆಯಾಕಾರ. ಒಂದಕ್ಕೊಂದು ಮೈ ತಾಗುವುದು ಕಡಿಮೆ, ಹಿಡಿತವೂ ಕಡಿಮೆ. ಹಾಗಾಗಿ ಕರಗಿ ನೀರಾಗುವ ಮೊದಲೇ ಆವಿಯಾಗುತ್ತದೆ.

ಬೆಲ್ಲದಲ್ಲಿ ಹೆಚ್ಚು ಇರುವುದು ಸುಕ್ರೋಸ್, ಅಂದರೆ ಸಕ್ಕರೆಯೇ. ಅದರ ಒಂದೊಂದು ಅಣುವಿನ ಮೈಮೇಲೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು 8 ಇವೆ. ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್, ಪಕ್ಕದ ಅಣುವಿನ ಆಕ್ಸಿಜನ್ ಕಡೆಗೂ ವಾಲುತ್ತದೆ. ಇದೇ ಹೈಡ್ರೋಜನ್ ಬಂಧ. ಒಳಗಿನ ಬಂಧದ ಮುಂದೆ ಇದರ ಬಲ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಅಷ್ಟೇ. ಆದರೆ ಒಂದು ಅಣುವನ್ನು ಎಂಟು ಕಡೆ ಹಿಡಿದರೆ ಅದು ಏಳೋದು ಹೇಗೆ? ಬೆಲ್ಲ ಹಾರಿ ಹೋಗುವುದಿಲ್ಲ.

ಆದರೆ ನೀರಿನಲ್ಲೂ ಅದೇ ಜೋಡಿ ಇದೆ, ಅಲ್ವಾ? ಜುಲೈ ತಿಂಗಳ ತೇವದ ಗಾಳಿಯಿಂದ ಬೆಲ್ಲ ನೀರಿನ ಅಣುಗಳನ್ನು ಸೆಳೆದು ಮೈಗೆ ಅಂಟಿಸಿಕೊಳ್ಳುತ್ತದೆ. ನೀವು ‘ನೀರು ಬಿಟ್ಟಿತು’ ಅಂದಿರಿ, ಅದು ನೀರು ಹಿಡಿದದ್ದು! ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂಬ ಸಣ್ಣ ಸಕ್ಕರೆಗಳು ಜಾಸ್ತಿ ಇದ್ದಷ್ಟೂ ಈ ಚಾಳಿ ಜಾಸ್ತಿ, ಅದರಲ್ಲೂ ಫ್ರಕ್ಟೋಸ್. ಕಡಿದ ಕಬ್ಬನ್ನು ನಾಲ್ಕು ದಿನ ಹಾಗೇ ಬಿಟ್ಟು ಅರೆದರೆ ಸುಕ್ರೋಸ್ ಒಡೆದು ಇವೆರಡೂ ಆಗುತ್ತವೆ. ಅಂಥ ಬೆಲ್ಲ ಅಚ್ಚಿನಲ್ಲೂ ಸರಿಯಾಗಿ ನಿಲ್ಲದು. ನಿಮ್ಮ ಕಡೆಯ ಆಲೆಮನೆಯವರನ್ನು ಕೇಳಿ ನೋಡಿ, ಹೈಡ್ರೋಜನ್ ಬಂಧದ ಹೆಸರೆತ್ತದೆ ಇದನ್ನೇ ಹೇಳುತ್ತಾರೆ.

ಕರ್ಪೂರಕ್ಕೆ ಮೆಣಸಿನ ಕಾಳು ಹಾಕಿದರೆ ಉಳಿಯುತ್ತದೆ ಅನ್ನುವವರಿದ್ದಾರೆ. ದೇವರಾಜ ಮಾರ್ಕೆಟ್ಟಿನಿಂದ ಕರ್ಪೂರ ತಂದು ಎರಡು ಡಬ್ಬದಲ್ಲಿ ಇಟ್ಟಿದ್ದೆ, ಒಂದಕ್ಕೆ ಮೆಣಸು ಹಾಕಿ, ಇನ್ನೊಂದಕ್ಕೆ ಹಾಕದೆ. ಎರಡಕ್ಕೂ ಬಿಗಿ ಮುಚ್ಚಳ. ಎರಡರಲ್ಲೂ ಕರ್ಪೂರ ಉಳಿಯಿತು. ಬೆಲ್ಲಕ್ಕೂ ಬಿಗಿ ಮುಚ್ಚಳವೇ ಮದ್ದು. ಈಗಾಗಲೇ ಒದ್ದೆಯಾದದ್ದಕ್ಕೆ ಹುಳಿ ವಾಸನೆ, ಬೂಸ್ಟು ಬಂದಿಲ್ಲದಿದ್ದರೆ ಈ ವಾರವೇ ಪಾಯಸ ಮಾಡಿಬಿಡಿ.