ಎಚ್‌ಎಂಗೆ ಹೇಳಿದರೆ ಸಾಲದೇ?

ಪತ್ರ: ‘ನಾನು ಹೈಸ್ಕೂಲ್ ಟೀಚರ್. ಮನೆಗೆ ಬಂದುಹೋಗುವ ಸಂಬಂಧಿಕರೊಬ್ಬರು ತನ್ನನ್ನು ಕೆಟ್ಟದಾಗಿ ಮುಟ್ಟುತ್ತಾರೆ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಅಳುತ್ತಾ ಹೇಳಿದಳು. “ಯಾರಿಗೂ ಹೇಳ್ಬೇಡಿ ಮಿಸ್” ಎಂದು ಕೈ ಹಿಡಿದುಕೊಂಡಳು. ನಾನು ಎಚ್‌ಎಂಗೆ ತಿಳಿಸಿದೆ. ಅವರು “ಮೊದಲು ನಿಜವೋ ಸುಳ್ಳೋ ನೋಡೋಣ, ಪೊಲೀಸು ಗಿಲೀಸು ಬೇಡ” ಎಂದರು. ನನ್ನ ಕೆಲಸ ಇಲ್ಲಿಗೆ ಮುಗಿಯಿತೇ? ಇನ್ನೊಂದು ಮಾತು. ಪಕ್ಕದ ಮನೆಯಲ್ಲಿ ಮಗ ವಯಸ್ಸಾದ ತಾಯಿಗೆ ಹೊಡೆಯುತ್ತಾನೆ. ಅದಕ್ಕೂ ಇದೇ ಕಾನೂನೇ?’ – ಒಬ್ಬ ಶಿಕ್ಷಕಿ

ಸಂಪಾದಕರ ಉತ್ತರ:

ಮುಗಿದಿಲ್ಲ ಮೇಡಂ.

ನೀವು ಹೆಸರು, ಊರು, ಫೋನ್ ನಂಬರ್ ಯಾವುದನ್ನೂ ಬರೆದಿಲ್ಲ. ಬರೆದಿದ್ದರೆ ಈ ಉತ್ತರ ಇಲ್ಲಿ ಅಚ್ಚಾಗುತ್ತಿರಲಿಲ್ಲ, ನಿಮ್ಮ ಪತ್ರ ಹಿಡಿದು ನಾನೇ ಸ್ಟೇಷನ್ನಿಗೆ ಹೋಗಬೇಕಿತ್ತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಟೀಚರು, ಡಾಕ್ಟರು ಎಂದು ಪಟ್ಟಿ ಮಾಡುವುದಿಲ್ಲ. ಯಾರಿಗೇ ಗೊತ್ತಾದರೂ ಹೇಳಬೇಕು ಎನ್ನುತ್ತದೆ. ಆಗಿದೆ ಎಂದು ಗೊತ್ತಾದರಷ್ಟೇ ಅಲ್ಲ, ಆಗಬಹುದು ಎಂಬ ಭಯ ಬಂದರೂ ಹೇಳಬೇಕು. ಯಾರಿಗೆ? ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ. ಅಲ್ಲಿ ಎಚ್‌ಎಂ ಹೆಸರಿಲ್ಲ. ಹೇಳದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಅಪರಾಧ ಮಾಡಿದವನು ಶಾಲೆಯ ಸಿಬ್ಬಂದಿಯೇ ಆಗಿದ್ದು, ಶಾಲೆಯ ಮುಖ್ಯಸ್ಥರು ಅದನ್ನು ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೆ ಹೋಗುತ್ತದೆ.

‘ನಿಜವೋ ಸುಳ್ಳೋ ನೋಡೋಣ’ ಎಂಬ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಹೇಗೆ ನೋಡುತ್ತಾರೆ? ಅಪ್ಪ ಅಮ್ಮನನ್ನು ಕರೆಸುತ್ತಾರೆ. ಅಮ್ಮ ಮನೆಗೆ ಹೋಗಿ ಆ ಸಂಬಂಧಿಕನನ್ನೇ ಕೇಳುತ್ತಾರೆ. ಹುಡುಗಿಯನ್ನು ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ನಿಲ್ಲಿಸಿ ‘ಸರಿಯಾಗಿ ಹೇಳು’ ಅನ್ನುತ್ತಾರೆ. ಎರಡೇ ದಿನದಲ್ಲಿ ಅವಳು ‘ಇಲ್ಲ ಮಿಸ್, ಸುಮ್ನೆ ಹೇಳಿದೆ’ ಎನ್ನುತ್ತಾಳೆ. ವಿಷಯ ಅಲ್ಲಿಗೆ ಮುಗಿಯಿತು ಎಂದು ಎಲ್ಲರಿಗೂ ನೆಮ್ಮದಿ, ಅವಳೊಬ್ಬಳನ್ನು ಬಿಟ್ಟು. ತನಿಖೆ ನಿಮ್ಮ ಕೆಲಸವಲ್ಲ, ಎಚ್‌ಎಂ ಅವರದೂ ಅಲ್ಲ. ಕೇಳಿದ್ದನ್ನು ಕೇಳಿದ ಹಾಗೆ ದಾಟಿಸುವುದು ಮಾತ್ರ ನಿಮ್ಮ ಪಾಲಿನದು.

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಾಸ್ಟೆಲೊಂದರ 17 ಹುಡುಗಿಯರ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ, ಅವರನ್ನು ನೋಡಿಕೊಳ್ಳಲು ನೇಮಕವಾಗಿದ್ದ ಡಾಕ್ಟರ ಮೇಲೆ ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಆರೋಪ ಬಂತು. ಬಾಂಬೆ ಹೈಕೋರ್ಟ್ ಅವರ ಮೇಲಿನ ಕೇಸು ರದ್ದು ಮಾಡಿತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿ ಕೇಸಿಗೆ ಮತ್ತೆ ಜೀವ ಕೊಟ್ಟಿತು. ಡಾಕ್ಟರು ತಪ್ಪಿತಸ್ಥರು ಎಂದು ಅದು ಹೇಳಲಿಲ್ಲ. ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ, ತಡವಿಲ್ಲದೆ ತಿಳಿಸಬೇಕು ಎಂದಿತು.

ಹುಡುಗಿ ಹೇಳಿದ್ದು ಸುಳ್ಳಾದರೆ ನಿಮ್ಮ ಗತಿ ಏನು? ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಅದೂ 19ನೇ ಸೆಕ್ಷನ್ನಿನಲ್ಲೇ ಇದೆ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆ ಉಂಟು. ಆದರೆ ನೀವು ಹಾಗಲ್ಲವಲ್ಲ.

ಹೇಗೆ ಹೋಗುವುದು? ಒಂದು ಹಾಳೆಯಲ್ಲಿ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯಿರಿ, ದಿನಾಂಕ ಹಾಕಿ. ‘ನನಗನಿಸಿದಂತೆ’ ಎಂದು ಏನನ್ನೂ ಸೇರಿಸಬೇಡಿ. ಠಾಣೆಯಲ್ಲಿ ಅದನ್ನು ದಾಖಲಿಸಿಕೊಂಡು, ನಿಮಗೆ ಓದಿ ಹೇಳಿ, ಎಂಟ್ರಿ ನಂಬರ್ ಹಾಕಬೇಕು. ಆ ನಂಬರ್ ಬರೆದುಕೊಳ್ಳಿ. 24 ಗಂಟೆಯೊಳಗೆ ಅವರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಹುಡುಗಿಯ ಹೇಳಿಕೆಯನ್ನು ಅವಳು ಇಷ್ಟಪಟ್ಟ ಜಾಗದಲ್ಲಿ, ಸಮವಸ್ತ್ರ ಇಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಬರೆದುಕೊಳ್ಳಬೇಕು. ರಾತ್ರಿ ಅವಳನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಸಹಾಯ ಕೇಳಿ. ಅವಳ ಹೆಸರು ಮಾತ್ರ ಸ್ಟಾಫ್ ವಾಟ್ಸ್ಆ್ಯಪ್ ಗ್ರೂಪಿಗೆ ಹೋಗದಿರಲಿ.

ಈ ಕಾನೂನಿನ ಬಗ್ಗೆ ನನಗೂ ತಕರಾರಿದೆ. ಪ್ರೀತಿಸಿದ ಹದಿನೇಳರ ಹುಡುಗ ಹುಡುಗಿಗೂ ಇದೇ ಪೋಕ್ಸೋ ಬೀಳುತ್ತದೆ. ಪೊಲೀಸರ ಭಯಕ್ಕೆ ಹುಡುಗಿ ಆಸ್ಪತ್ರೆಗೇ ಹೋಗದಿದ್ದರೆ? ಅದಕ್ಕೇ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ಡಾಕ್ಟರು ಅವಳ ಹೆಸರು ಕೊಡಬೇಕಿಲ್ಲ ಎಂದಿತು. ನಿಮ್ಮ ಹುಡುಗಿಯದು ಆ ಥರದ ಸಂಗತಿ ಅಲ್ಲ.

ಪಕ್ಕದ ಮನೆಯ ಅಜ್ಜಿಯ ವಿಷಯದಲ್ಲಿ ಪೋಕ್ಸೋದಷ್ಟು ಗಟ್ಟಿಯಾದ ಒತ್ತಾಯ ಇಲ್ಲ. ಅವರಿಗೆ ಅಂಗವೈಕಲ್ಯ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ‘ಬಹುದು’ ಅಷ್ಟೇ, ‘ಬೇಕು’ ಅಲ್ಲ. ಆದರೂ ಹಿರಿಯರ ಸಹಾಯವಾಣಿ 14567ಕ್ಕೆ ಒಂದು ಫೋನ್ ಮಾಡಿ. ಹೊಡೆತ ಬೀಳುತ್ತಿರುವಾಗಲೇ ಆದರೆ ತುರ್ತು ಸಂಖ್ಯೆ 112.

ಇನ್ನು ‘ಯಾರಿಗೂ ಹೇಳ್ಬೇಡಿ ಮಿಸ್’. ನಿಮ್ಮ ನಿದ್ದೆ ಕೆಡಿಸಿರುವುದು ಇದೇ ಅಲ್ವಾ? ಅವಳ ಬೆನ್ನ ಹಿಂದೆ ಹೋಗಬೇಡಿ. ನಾಳೆ ಅವಳನ್ನು ಪಕ್ಕಕ್ಕೆ ಕರೆದು ಹೇಳಿ: ‘ನೀನು ಹೇಳಿದ್ದನ್ನು ನಂಬಿದ್ದೇನೆ. ನನ್ನ ಒಬ್ಬಳ ಕೈಲಿ ಇದು ನಿಲ್ಲಲ್ಲ. ನಿಲ್ಲಿಸುವವರಿಗೆ ಇವತ್ತೇ ಹೇಳ್ತೀನಿ.’ ಅವಳು ಸಿಟ್ಟಾಗಬಹುದು, ಕೆಲವು ದಿನ ನಿಮ್ಮ ಜೊತೆ ಮಾತು ಬಿಡಬಹುದು. ಎಚ್‌ಎಂ ಬರುತ್ತೇನೆ ಎಂದರೆ ಠಾಣೆಗೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಮೇಲಿನ ಹೊಣೆಯೂ ಇಳಿಯುತ್ತದೆ. ಬರಲ್ಲ ಎಂದರೆ ಕಾಯಬೇಡಿ.