ಹಳೇ ಗೋರಿಗಳ ಮೇಲಿನ ಬರಹ ದಾಖಲು ಮಾಡೋದು ಹೇಗೆ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾವು ಬಳ್ಳಾರಿಯ ಆರೇಳು ಜನ ಸ್ನೇಹಿತರು. ಬ್ರಿಟಿಷರ ಕಾಲದ ಸಿಮೆಟ್ರಿಯಲ್ಲಿರೋ ಗೋರಿಗಳ ಬರಹ ಎಲ್ಲಾ ಬರೆದಿಡೋಣ, ತಮ್ಮ ವಂಶದ ಹಿನ್ನೆಲೆ ಹುಡುಕೋರಿಗೆ ಉಪಯೋಗ ಆಗ್ಲಿ ಅಂತ ರಜೆ ದಿನ ಹೋಗ್ತಿದೀವಿ. ಎಷ್ಟೋ ಕಲ್ಲಲ್ಲಿ ಅಕ್ಷರಾನೇ ಕಾಣಲ್ಲ. ಚಾಕ್‌ಪೀಸ್ ಉಜ್ಜಿ ಅಂತ ಒಬ್ರು ಹೇಳ್ತಾರೆ, ವೈರ್ ಬ್ರಷ್ ಹಾಕಿ ಅಂತ ಇನ್ನೊಬ್ರು. ಏನ್ ಮಾಡೋದು? ಏನೇನು ಬರ್ಕೋಬೇಕು?

ಉತ್ತರ: ಎರಡೂ ಬೇಡ, ದಯವಿಟ್ಟು. ವೈರ್ ಬ್ರಷ್ ಒಂದ್ಸಲ ಎಳೆದ್ರೆ ಮಾರ್ಬಲ್ ಮೇಲಿನ ಪದರಾನೇ ಹೋಗುತ್ತೆ, ಅಕ್ಷರ ಇರೋದೂ ಅದರಲ್ಲೇ. ಚಾಕ್‌ಪೀಸ್ ಗೀಚುತ್ತೆ. ಮೈದಾಹಿಟ್ಟು ಬಳಿದ್ರೆ ಮಳೆ ಬಂದಾಗ ಅದರ ಮೇಲೇ ಬೂಷ್ಟು ಹತ್ತುತ್ತೆ. ಆಸಿಡ್, ಬ್ಲೀಚಿಂಗ್ ಪೌಡರ್ ಅಂತೂ ಹತ್ರಾನೂ ತರ್ಬೇಡಿ, ಅಕ್ಷರದ ಮೇಲೆ ಪೇಂಟ್ ತಿದ್ದೋದೂ ಬೇಡ, ಯಾಕಂದ್ರೆ ತಿದ್ದೋನು ತಪ್ಪಾಗಿ ಓದಿದ್ರೆ ಮುಂದೆ ಬರೋರೆಲ್ಲ ಅದನ್ನೇ ಓದ್ತಾರೆ.

ನಿಮಗೆ ಬೇಕಾಗಿರೋದು ಬೆಳಕು, ಅಷ್ಟೇ. ಮನೇಲಿರೋ ಒಂದು ಉದ್ದನೆ ಕನ್ನಡಿ ತಗೊಂಡು ಹೋಗಿ, ಒಬ್ರು ಕನ್ನಡೀಲಿ ಬಿಸಿಲು ಹಿಡಿದು ಕಲ್ಲಿನ ಪಕ್ಕದಿಂದ, ಕಲ್ಲಿಗೆ ಸವರಿಕೊಂಡು ಹೋಗೋ ಹಾಗೆ ಬಿಡ್ಲಿ, ಇನ್ನೊಬ್ರು ಎದುರಿಗೆ ನಿಂತು ಫೋಟೋ ತೆಗೀಲಿ. ಎದುರಿಂದ ಬಿಸಿಲು ಬಿದ್ದಾಗ ಬೋಳಾಗಿ ಕಾಣೋ ಕಲ್ಲಲ್ಲಿ ಪ್ರತಿ ಗೆರೆಗೂ ನೆರಳು ಬಿದ್ದು ಅಕ್ಷರ ಎದ್ದು ಬರುತ್ತೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು ಫೋಟೋ ಬೇಕೇ ಬೇಕು, ಯಾಕಂದ್ರೆ ಅಡ್ಡಗೆರೆ ಒಂದು ಬೆಳಕಲ್ಲಿ ಕಂಡ್ರೆ ಉದ್ದಗೆರೆ ಇನ್ನೊಂದರಲ್ಲಿ ಕಾಣೋದು. ಮೋಡ ಇದ್ರೆ ಮೊಬೈಲ್ ಟಾರ್ಚ್ ಸಾಕು, ಮೇಲೆ ಒಂದು ಕರೀ ಕೊಡೆ ಹಿಡ್ಕೊಳ್ಳಿ.

ಮಾರ್ಬಲ್ ಕಲ್ಲುಗಳಲ್ಲಿ ಇನ್ನೊಂದು ಗಮನಿಸಿ. ಕೆಲವು ಕಡೆ ಅಕ್ಷರಾನ ಸೀಸದಲ್ಲಿ ಮಾಡಿ ಕೂರಿಸಿರ್ತಾರೆ, ಅದನ್ನ ಹಿಡಿದಿಡೋಕೆ ಕಲ್ಲಲ್ಲಿ ಸಣ್ಣ ಸಣ್ಣ ತೂತು ಕೊರೆದಿರ್ತಾರೆ. ಸೀಸ ಉದುರಿಹೋದ್ರೂ ತೂತು ಹಾಗೇ ಇರುತ್ತೆ. ಆ ತೂತುಗಳು ಯಾವ ಆಕಾರದಲ್ಲಿ ಬಂದಿವೆ ಅಂತ ನೋಡ್ಕೊಂಡ್ರೆ ಹೋಗಿರೋ ಅಕ್ಷರ ಯಾವುದು ಅಂತ ಎಷ್ಟೋ ಸಲ ಗೊತ್ತಾಗುತ್ತೆ, ಅದಕ್ಕೇ ಖಾಲಿ ಕಲ್ಲು ಅಂತ ಬಿಟ್ಟು ಹೋಗ್ಬೇಡಿ. ಸುಣ್ಣ ಬಳಿದು ಬಳಿದು ಮುಚ್ಚಿಹೋಗಿರೋ ಬರಹ ಇದ್ರೂ ಕೆರೀಬೇಡಿ, ಕೆಳಗಿನ ಗಾರೆ ಸಮೇತ ಕಿತ್ತು ಬರುತ್ತೆ.

ಇನ್ನು ಬರ್ಕೊಳ್ಳೋದು. ಕಲ್ಲಲ್ಲಿ ಹೇಗಿದ್ಯೋ ಹಾಗೇ, ಸಾಲಿಗೆ ಸಾಲು. ಸ್ಪೆಲ್ಲಿಂಗ್ ತಪ್ಪಿದ್ರೆ ತಪ್ಪೇ ಬರೀರಿ. ರೆಜಿಮೆಂಟ್ ಹೆಸರು ಚುಟುಕಾಗಿ ಇದ್ರೆ ನೀವು ಬಿಡಿಸಿ ಬರೀಬೇಡಿ, ಯಾಕಂದ್ರೆ ಬ್ರಿಟಿಷ್ ರಾಜ-ರಾಣಿಯ ಸೈನ್ಯದ ರೆಜಿಮೆಂಟೋ ಈಸ್ಟ್ ಇಂಡಿಯಾ ಕಂಪನಿಯ ರೆಜಿಮೆಂಟೋ ಅನ್ನೋದರ ಮೇಲೆ ಹುಡುಕೋ ಜಾಗಾನೇ ಬದಲಾಗುತ್ತೆ, ಮೊದಲನೇದು ಲಂಡನ್ನಿನ ಕ್ಯೂ (Kew) ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್, ಎರಡನೇದು ಬ್ರಿಟಿಷ್ ಲೈಬ್ರರಿ. ಇಸವಿ 1833ಓ 1838ಓ ಅಂತ ಅನುಮಾನ ಇದ್ರೆ ಎರಡನ್ನೂ ಬರೆದು ಅನುಮಾನ ಅಂತಾನೇ ಗುರುತು ಹಾಕಿ. ವಯಸ್ಸು ಇಷ್ಟು ವರ್ಷ ಇಷ್ಟು ತಿಂಗಳು ಇಷ್ಟು ದಿನ ಅಂತ ಇದ್ರೆ ಒಂದಂಕಿನೂ ಬಿಡ್ಬೇಡಿ, ತೀರ್ಕೊಂಡ ದಿನದಿಂದ ಅದನ್ನ ಕಳೆದ್ರೆ ಹುಟ್ಟಿದ ದಿನಾನೇ ಸಿಗುತ್ತೆ. ಕಲ್ಲಿನ ಬುಡದಲ್ಲಿ ಕೆತ್ತಿದೋರ ಹೆಸರು, ಅಕ್ಕಪಕ್ಕದ ಗೋರಿ ಯಾರದು ಅನ್ನೋದೂ ಇರ್ಲಿ, ಒಂದೇ ಮನೆಯವರನ್ನ ಪಕ್ಕಪಕ್ಕ ಮಣ್ಣು ಮಾಡಿರ್ತಾರೆ.

ಈಗ ನಾನು ಒತ್ತಿ ಹೇಳ್ಬೇಕಾಗಿರೋದು. ಮದ್ರಾಸ್ ಪ್ರಾಂತ್ಯದ ಗೋರಿ ಬರಹಗಳ ದೊಡ್ಡ ಪಟ್ಟಿ ಒಂದನ್ನ ಜೆ.ಜೆ. ಕಾಟನ್ ಅನ್ನೋರು 1905ರಲ್ಲೇ ತಂದಿದ್ರು, ಬಹಳ ಒಳ್ಳೆ ಕೆಲಸ. ಆದ್ರೆ ಅದು ಐತಿಹಾಸಿಕ ಮಹತ್ವ ಇರೋ ಗೋರಿಗಳ ಪಟ್ಟಿ, ಅದೂ ಹೆಚ್ಚಾಗಿ ಯುರೋಪಿನವರದ್ದು. ಮಾಮೂಲಿ ಸಿಪಾಯಿಯ ಹೆಂಡತಿ, ಜ್ವರ ಬಂದು ಹೋದ ಮಗು ಎಲ್ಲಾ ಅಂಥ ಪಟ್ಟಿಗಳಲ್ಲಿ ಬರೋದು ಕಷ್ಟ, ಪಕ್ಕದಲ್ಲೇ ಇರೋ ಕನ್ನಡ, ತಮಿಳು, ತೆಲುಗು, ಉರ್ದು ಕಲ್ಲು ಇನ್ನೂ ಕಷ್ಟ. ಹೊರದೇಶದಿಂದ ಬಂದು ಬರ್ಕೊಂಡು ಹೋಗೋರಿಗೆ ಆ ಲಿಪಿ ಬರಲ್ಲ. ನಿಮಗೆ ಬರುತ್ತೆ, ಅಥವಾ ಓದೋರು ನಿಮ್ಮ ಬೀದೀಲೇ ಇದಾರೆ. ಅದಕ್ಕೇ ಇಂಗ್ಲಿಷ್ ಕಲ್ಲು ಮುಗಿಸಿ ಟೈಮ್ ಉಳಿದ್ರೆ ನೋಡೋಣ ಅನ್ಬೇಡಿ, ಸಾಲಾಗಿ ಒಂದು ತುದಿಯಿಂದ ಬನ್ನಿ, ಎಲ್ಲಾ ಕಲ್ಲೂ ಬರೀರಿ.

ತಾರೀಖು ಒಂದು ಸ್ವಲ್ಪ ನೋಡ್ಕೊಳ್ಳಿ. ಉರ್ದು ಕಲ್ಲಲ್ಲಿ ಬರೋ ಹಿಜರಿ (ಇಸ್ಲಾಮಿ) ವರ್ಷನ ಇಸವಿ ಮಾಡೋಕೆ ಸುಮ್ನೆ 622 ಕೂಡಿಸಿಬಿಡೋರು ಬಹಳ ಜನ. ಟಿಪ್ಪು ಸುಲ್ತಾನ್ ತೀರ್ಕೊಂಡಿದ್ದು ಹಿಜರಿ 1213, ಕೂಡಿಸಿದ್ರೆ 1835 ಬರುತ್ತೆ, ಆದ್ರೆ ಅದು ಆಗಿದ್ದು 1799ರ ಮೇ 4ಕ್ಕೆ. ಚಾಂದ್ರಮಾನದ ಆ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ಪರಿವರ್ತನೆ ಕೋಷ್ಟಕ ನೋಡ್ಲೇಬೇಕು. ಕನ್ನಡ ಕಲ್ಲಲ್ಲಿ ಶಕ ವರ್ಷ ಇದ್ರೆ 78 ಸೇರಿಸಿ, ವರ್ಷದ ಕೊನೇ ಎರಡ್ಮೂರು ತಿಂಗಳಾದ್ರೆ 79. ಅಂಕಿ ಅಳಿಸಿದ್ರೂ ಸಂವತ್ಸರದ ಹೆಸರು ಉಳಿದಿದ್ರೆ ದಾರಿ ಇದೆ, ಪ್ರಭವ ಅಂದ್ರೆ 1807, 1867, ಇಲ್ಲಾ 1927, ಅಕ್ಷರದ ಶೈಲಿ ನೋಡಿ ಯಾವುದು ಅಂತ ಹೇಳ್ಬಹುದು.

ಚರ್ಚಿನವರ ಅಥವಾ ಸಮಿತಿಯವರ ಒಪ್ಪಿಗೆ ಮೊದಲೇ ತಗೊಳ್ಳಿ. ಪುರಾತತ್ವ ಇಲಾಖೆ ರಕ್ಷಿಸಿರೋ ಜಾಗ ಆದ್ರೆ ಅನುಮತಿ ಇಲ್ದೆ ಪೊದೆ ಕಡಿಯೋದೂ ಬೇಡ. ಶೂ ಹಾಕ್ಕೊಳ್ಳಿ, ಹಾವು ಇರ್ತವೆ, ವಾಲಿರೋ ಕಲ್ಲಿಗೆ ಒರಗಬೇಡಿ. ಬರೆದಿದ್ದರ ಒಂದು ಪ್ರತಿ ಊರಲ್ಲೇ ಚರ್ಚಿಗೋ ಲೈಬ್ರರಿಗೋ ಕೊಡಿ, ಇನ್ನೊಂದನ್ನ ಫಿಬಿಸ್ ಅನ್ನೋ ಸಂಸ್ಥೆಗೆ ಕೊಡಬಹುದು, ಬ್ರಿಟಿಷ್ ಇಂಡಿಯಾದ ಕುಟುಂಬಗಳ ಹುಡುಕಾಟಕ್ಕೇ ಇರೋದು ಅದು, ಡೇಟಾಬೇಸ್‌ನಲ್ಲಿ ಫ್ರೀಯಾಗಿ ಹುಡುಕಬಹುದು. 1976ರಲ್ಲಿ ಶುರುವಾದ ಬಾಕ್ಸಾ ಅಂತ ಇನ್ನೊಂದಿದೆ, ಅದು ದಕ್ಷಿಣ ಏಷ್ಯಾದಲ್ಲಿರೋ ಯುರೋಪಿನವರ ಸ್ಮಶಾನಗಳಿಗೇ ಮೀಸಲು.

ಪ್ರಶ್ನೆ: ನಮ್ಮಜ್ಜಿಯ ಮುತ್ತಜ್ಜ ಇಂಗ್ಲಿಷಿನವರಂತೆ, 1858ರಲ್ಲಿ ಕಾರವಾರದ ಕಡೆ ತೀರ್ಕೊಂಡ್ರಂತೆ. ಬಾಂಬೆ ರೆಕಾರ್ಡ್ ಎಲ್ಲಾ ಜಾಲಾಡಿದೆ, ಹೆಸರೇ ಇಲ್ಲ. ಗೋರಿನೂ ಸಿಗ್ತಿಲ್ಲ.

ಉತ್ತರ: ನೀವು ಹುಡುಕ್ತಿರೋ ಪ್ರಾಂತ್ಯ ಬೇರೆ ಮೇಡಂ. ಉತ್ತರ ಕನ್ನಡ ಬಾಂಬೆಗೆ ಸೇರಿದ್ದು 1862ರಲ್ಲಿ, ಅದಕ್ಕೂ ಮುಂಚೆ ಮದ್ರಾಸ್. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಚರ್ಚುಗಳಿಂದ ಹೋದ ಬ್ಯಾಪ್ಟಿಸಂ, ಮದುವೆ, ಸಾವಿನ ಪಟ್ಟಿಗಳಿವೆ, ಎನ್ 2 ಅಂದ್ರೆ ಮದ್ರಾಸ್, ಎನ್ 3 ಬಾಂಬೆ. ನೀವು ಎನ್ 2ರಲ್ಲಿ ನೋಡಿ, ಫೈಂಡ್‌ಮೈಪಾಸ್ಟ್ ಅನ್ನೋ ವೆಬ್‌ಸೈಟ್‌ನಲ್ಲಿ ದುಡ್ಡು ಕೊಟ್ಟು ಸ್ಕ್ಯಾನ್ ನೋಡಬಹುದು, ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟ್‌ನಲ್ಲಿ ಒಂದಷ್ಟು ಇಂಡೆಕ್ಸ್ ಫ್ರೀ ಇದೆ. ಹೆಸರಿನ ಸ್ಪೆಲ್ಲಿಂಗ್ ನಾಲ್ಕೈದು ಥರ ಹಾಕಿ. ಆ ರಿಜಿಸ್ಟರಲ್ಲಿ ವಯಸ್ಸು, ಕೆಲಸ, ಎಷ್ಟೋ ಕಡೆ ಸಾವಿನ ಕಾರಣಾನೂ ಬರೆದಿರ್ತಾರೆ, ಹಾಗಾಗಿ ಗೋರಿ ಬಿದ್ದುಹೋಗಿದ್ರೂ ನಿಮಗೆ ವಿಷಯ ಸಿಗೋ ಸಾಧ್ಯತೆ ಇದೆ. ಎಲ್ಲಿ ಮಣ್ಣು ಮಾಡಿದ್ರು ಅನ್ನೋ ಕಾಲಮ್ ಮೊದಲು ನೋಡಿ, ಗೋರಿ ಹುಡುಕೋಕೆ ಹೊರಡೋದು ಆಮೇಲೆ.